ಘಟಿಕೋತ್ಸವಕ್ಕೆ ಹೊರಟವರಿಗೆ

ನಮ್ಮ ಸಾಲಹಳ್ಳಿಯಿಂದ ಯಾರಾದರೂ ಘಟಿಕೋತ್ಸವಕ್ಕೆ ಹೊರಟರೆಂದರೆ ಅದು ಒಬ್ಬರ ಪ್ರಯಾಣವಲ್ಲ, ಒಂದು ಕ್ರೂಸರ್ ತುಂಬುವ ಕಾರ್ಯ. ಪದವಿ ಹುಡುಗಿಗೆ, ಹುರುಪು ಓಣಿಗೆಲ್ಲ. ಅಣ್ಣನ ಮಗಳು ಎಂ.ಎ. ಮುಗಿಸಿದಾಗಲೂ ಹಾಗೇ ಆಯಿತು. ಕೈಯಲ್ಲಿ ಪಾಸು ಎರಡು, ಬಾಗಿಲಲ್ಲಿ ಮಂದಿ ಗಾಡಿ ತುಂಬ. ಇಳಕಲ್ಲ ಸೀರೆ ಉಟ್ಟು ಮುಂದಿನ ಸೀಟು ಹಿಡಿದಿದ್ದ ನಮ್ಮವ್ವನಿಗೆ ಒಂದೇ ಚಿಂತೆ.

"ಅಕ್ಕಿಕಾಳು ಎಷ್ಟೊತ್ತಿಗಿ ಒಗಿತಾರಲೇ?"

"ಅಕ್ಕಿಕಾಳು ಇರೂದಿಲ್ಲ ಬೇ."

"ಹಂಗಾರ ಊಟಾನೂ ಇರೂದಿಲ್ಲೇನು?"

ಬಿಸಿಲಲ್ಲಿ ಮಧ್ಯಾಹ್ನವಾದಾಗ, ಬಂದವರಲ್ಲಿ ದೂರದೃಷ್ಟಿ ಇದ್ದದ್ದು ರೊಟ್ಟಿ ಕಟ್ಟಿಕೊಂಡು ಬಂದ ಆಕೆಯೊಬ್ಬಳಿಗೇ ಎಂದು ಎಲ್ಲರಿಗೂ ತಿಳಿಯಿತು.

ನಮ್ಮ ಕಡೆಯ ಹಿರಿಯರು ಪದವಿಗೆಂದು ಧಾರವಾಡಕ್ಕೆ ಹೋಗುತ್ತಿದ್ದರು. ಆ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದದ್ದು. 2010ರಲ್ಲಿ ನಮ್ಮ ಬೆಳಗಾವಿಗೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಭೂತರಾಮನಹಟ್ಟಿಯ ಅದರ ಆವರಣಕ್ಕೆ ಸಣ್ಣ ಮಕ್ಕಳನ್ನು ಕರೆದೊಯ್ಯುವವರು ಎಚ್ಚರವಾಗಿರಬೇಕು. ಅದೇ ಊರಲ್ಲಿ ಚನ್ನಮ್ಮನ ಹೆಸರಿನದೇ ಮೃಗಾಲಯವೂ ಇದೆ. ಅಕ್ಕನ ಪದವಿ, ಹುಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ ಮಕ್ಕಳು ಯೋಚನೆ ಮಾಡುವುದಿಲ್ಲ.

ಎಲ್ಲೇ ಆದರೂ ಬೇಗ ಹೋಗಬೇಕು. ರಾಜ್ಯಪಾಲರೇ ಕುಲಾಧಿಪತಿಗಳಾದ್ದರಿಂದ ಪೊಲೀಸರು ಚೀಲ ತಡವುತ್ತಾರೆ. ಆಮೇಲೆ ಬ್ಯಾಂಡು ಬಾರಿಸಿ, ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, ದಂಡ ಮುಂದೆ ಹಿಡಿದು ಗೌನಿನ ಹಿರಿಯರು ಸಾಲಾಗಿ ಬರುತ್ತಾರೆ. "ಗೊಡಚಿ ವೀರಭದ್ರನ ಪಲ್ಲಕ್ಕಿ ಹೊಂಟಂಗ ಐತಿ" ಎಂದು ಅವ್ವ ಕೈ ಮುಗಿದಳು. ಪಕ್ಕದವರೂ ಮುಗಿದರು.

ಈ ಗೌನು ಚಳಿ ದೇಶದ್ದು. 1857ರಲ್ಲಿ ಕಲ್ಕತ್ತ, ಮುಂಬೈ, ಮದ್ರಾಸುಗಳಲ್ಲಿ ಇಂಗ್ಲಿಷರು ವಿಶ್ವವಿದ್ಯಾಲಯ ತೆರೆದಾಗ ಬಂದದ್ದು, ಅವರು ಹೋದರೂ ಉಳಿಯಿತು. 2010ರಲ್ಲಿ ಭೋಪಾಲದ ಒಂದು ಘಟಿಕೋತ್ಸವದಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ವೇದಿಕೆಯ ಮೇಲೇ ಅದನ್ನು ಕಳಚಿಟ್ಟಿದ್ದರು. ಕೈಮಗ್ಗದ ಬಟ್ಟೆ ತೊಡಿ ಎಂದು ಯುಜಿಸಿ ಕೂಡ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ಈ ಮಾತನ್ನು ನಮ್ಮ ರಾಮದುರ್ಗದ ನೇಕಾರರ ಕಿವಿಗೆ ಹಾಕಿದ್ದರೆ ಮೈಗೆ ಗಾಳಿಯಾಡುವಂಥದ್ದನ್ನು ಎಂದೋ ನೇಯ್ದು ಕೊಡುತ್ತಿದ್ದರು.

ಮುಖ್ಯ ಸಂಗತಿಗೆ ಬರುತ್ತೇನೆ. ವೇದಿಕೆ ಹತ್ತುವವರು ಪಿಎಚ್.ಡಿ.ಯವರು, ಗೌರವ ಡಾಕ್ಟರೇಟಿನವರು, ಚಿನ್ನದ ಪದಕದವರು. ಉಳಿದವರೆಲ್ಲ ಕುಂತಲ್ಲೇ ಎದ್ದು ನಿಲ್ಲಬೇಕು. ಮೈಕಿನಲ್ಲಿ ಒಂದು ವಾಕ್ಯ ಕೇಳುತ್ತದೆ, ಮತ್ತೆ ಕೂಡಬೇಕು. ಅಷ್ಟರಲ್ಲಿ ಪದವಿ ಬಂದಿರುತ್ತದೆ. ಬಾರದೇ ಇದ್ದವರಿಗೂ ಅದೇ ವಾಕ್ಯದಲ್ಲಿ ಬಂದಿರುತ್ತದೆ.

"ನಮ್ಮ ಹುಡುಗಿ ಹೆಸರು ಯಾವಾಗ ಕರೀತಾರ?"

"ಆಕಿದು ಆತು ಬೇ."

"ಯಾವಾಗ?"

"ನೀ ಎಲಿಅಡಿಕಿ ಮಡಚಾಕತ್ತಿದ್ದೆಲ್ಲ, ಆವಾಗ."

ಪದಕಗಳ ಹೊತ್ತಿಗೆ ಅವ್ವ ನೆಟ್ಟಗೆ ಕುಂತಳು. ಒಬ್ಬ ಹುಡುಗಿ ಕೊರಳ ತುಂಬ ಹಾಕಿಕೊಂಡು ಇಳಿದಳು. "ಎಷ್ಟು ತೊಲಿ ಇದ್ದೀತು?" ಹಲವು ಕಡೆ ಅದು ಬಂಗಾರದ ನೀರು ಕುಡಿಸಿದ್ದಷ್ಟೆ. ಪುಣ್ಯಾತ್ಮರು ಎಂದೋ ಇಟ್ಟ ದತ್ತಿಯ ಬಡ್ಡಿಗೆ ಇಂದಿನ ದರದಲ್ಲಿ ಮೂಗುತಿಯೂ ಬರಲಿಕ್ಕಿಲ್ಲ. ಇದನ್ನು ನಾನು ಅವ್ವನಿಗೆ ಹೇಳಲಿಲ್ಲ.

ನಿಜವಾದ ಘಟಿಕೋತ್ಸವ ಶುರುವಾಗುವುದು ಹೊರಗೆ, ಬೇವಿನ ಗಿಡದ ಕೆಳಗೆ. ಬಾಡಿಗೆ ಗೌನು ಒಂದೇ ಇದ್ದರೂ ಅದರಲ್ಲಿ ಮನೆಮಂದಿಯೆಲ್ಲ ಪದವೀಧರರಾಗಬಹುದು. ಮೊದಲು ಹುಡುಗಿ, ಆಮೇಲೆ ಹತ್ತನೇತ್ತೆಯಲ್ಲಿ ಗಣಿತ ಬಿಟ್ಟಿದ್ದ ಅವಳ ತಮ್ಮ, ಆಮೇಲೆ ಅಣ್ಣ. ಕೊನೆಗೆ ಮೊಮ್ಮಗಳು ಗೌನನ್ನು ಅವ್ವನ ಇಳಕಲ್ಲ ಸೀರೆಯ ಮೇಲೇ ತೊಡಿಸಿದಳು. ಆಕೆ ತಲೆ ಮೇಲಿನ ಸೆರಗು ತೆಗೆಯಲು ಒಪ್ಪಲಿಲ್ಲ. ಸೆರಗಿನ ಮೇಲೇ ಟೊಪ್ಪಿಗೆ ಇಟ್ಟದ್ದಾಯಿತು. ಶಾಲೆಯ ಕಟ್ಟೆ ಹತ್ತದ ಅವ್ವ ಕುಲಪತಿಗಳಿಗಿಂತ ಬಿಗಿಯಾಗಿ ನಿಂತಳು. "ನಗಬೇ" ಎಂದರೆ, "ಕಲತಾವ್ರು ಹಲ್ಲ ಕಿಸೀತಾರೇನು?" ಎಂದಳು. ಆ ಫೋಟೊಕ್ಕೇ ಚೌಕಟ್ಟು ಹಾಕಿಸಿದ್ದೇವೆ. ಹುಡುಗಿಯದು ಮೊಬೈಲಿನಲ್ಲೇ ಇದೆ.

ಇನ್ನು ಹೋಗುವವರಿಗೆ ಇಷ್ಟು ಹೇಳಬೇಕು. ಫೋಟೊದ ಭರದಲ್ಲಿ ಗೌನಿನ ಠೇವಣಿ ರಸೀದಿ ಕಳೆದುಕೊಳ್ಳಬೇಡಿ. ಕೌಂಟರಿನವ ಊಟಕ್ಕೆ ಏಳುವುದರೊಳಗೆ ಗೌನು ಕೊಟ್ಟು ರೊಕ್ಕ ಇಸಕೊಳ್ಳಿ.