ಹೋಳಿಗೆಗೆ ಎರಡು ಯೂನಿಟ್ಟು

ಆಯನೂರಿನಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುವವರ ಬಾಯಲ್ಲಿ ಮೂರೇ ವಿಷಯ: ಅಡಿಕೆ ರೇಟು, ಮಳೆ, ಶುಗರ್ರು. "ನಿಮ್ದೆಷ್ಟು?" "ಖಾಲಿ ಹೊಟ್ಟೇಲಿ ನೂರಾ ಎಂಬತ್ತು." "ಅಷ್ಟೇನಾ? ನಂದು ಇನ್ನೂರಾ ಅರವತ್ತು ಮಾರಾಯ್ರೇ!" ದನಿಯಲ್ಲಿ ಹೆಮ್ಮೆ, ಮಗ ಪಿಯುಸಿಯಲ್ಲಿ ತೆಗೆದ ಅಂಕ ಹೇಳುವ ಹಾಗೆ. ಭದ್ರಾವತಿಯ ಎಂಪಿಎಂ ಸಕ್ಕರೆ ಕಾರ್ಖಾನೆ ನಿಂತರೂ ಈ ಸೀಮೆಯಲ್ಲಿ ಸಕ್ಕರೆಗೇನೂ ಬರವಿಲ್ಲ.

ಈ ಹೆಮ್ಮೆಯೆಲ್ಲ ಮಾತ್ರೆ ನುಂಗುವಷ್ಟು ದಿನ. ಡಾಕ್ಟರು "ಇನ್ಸುಲಿನ್ ಶುರು ಮಾಡೋಣ" ಅಂದರೋ, ಯಜಮಾನರು ಮನೆಗೆ ಬಂದವರೇ ಟ್ರಂಕು ತೆಗೆದು ಪಹಣಿ ಹುಡುಕುತ್ತಾರೆ. ಅದು ಕೊನೇ ಸ್ಟೇಜಂತೆ, ಒಮ್ಮೆ ಚುಚ್ಚಿಸಿಕೊಂಡರೆ ಚಟ ಹತ್ತುತ್ತದಂತೆ. ಹೀಗೆ ಹೇಳುವವರ ದವಡೆಯಲ್ಲಿ ಮೂವತ್ತು ವರ್ಷದ ಹೊಗೆಸೊಪ್ಪು! ಮೇದೋಜೀರಕ ಗ್ರಂಥಿ ತಾನೇ ಮಾಡಬೇಕಾದ್ದನ್ನು ಸಾಕಷ್ಟು ಮಾಡದಿದ್ದಾಗ ಹೊರಗಿನಿಂದ ಕೊಡುವುದು ಇನ್ಸುಲಿನ್. ಅದರಲ್ಲಿ ಚಟವೆಲ್ಲಿ ಬಂತು? 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಇದನ್ನು ಮೊದಲು ಚುಚ್ಚಿಸಿಕೊಂಡ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ. ಕೊನೇ ಸ್ಟೇಜು ಅಂದರೆ ಅವನದು. ಆಮೇಲೆ ಹದಿಮೂರು ವರ್ಷ ಬದುಕಿದ.

ಹೇಗೋ ಒಪ್ಪಿಕೊಂಡರು ಅನ್ನಿ. ಮರುದಿನದಿಂದ ಅವರೇ ಡಾಕ್ಟರು. "ಮದುವೆ ಊಟ ಇತ್ತಲ್ಲ, ಹೋಳಿಗೆಗೆ ಅಂತ ಎರಡು ಯೂನಿಟ್ಟು ಜಾಸ್ತಿ ಎಳ್ಕೊಂಡೆ." ಏಕಾದಶಿ ಬಂತೋ, ಊಟಕ್ಕೆ ರಜೆ, ಇಂಜೆಕ್ಷನ್ನಿಗಿಲ್ಲ. ಹನ್ನೊಂದು ಗಂಟೆಗೆ ತೋಟದಲ್ಲಿ ಬೆವರು, ಕೈ ನಡುಕ, ಕಣ್ಣಿಗೆ ಕತ್ತಲೆ. ಮನೆಯವರು "ಅಯ್ಯೋ, ಶುಗರ್ ಏರಿದೆ" ಅಂತ ಹಾಗಲಕಾಯಿ ರಸ ಹಿಡಿದು ಓಡಿ ಬರುತ್ತಾರೆ. ಏರಿದ್ದಲ್ಲ, ಇಳಿದದ್ದು. ಆಗ ಬೇಕಿದ್ದದ್ದು ಮೂರು ಚಮಚ ಸಕ್ಕರೆ. ಡಾಕ್ಟರೇ ಸಕ್ಕರೆ ತಿನ್ನು ಅನ್ನುವ ಗಳಿಗೆ ಜನ್ಮಕ್ಕೊಮ್ಮೆ ಬಂದರೆ ಅದನ್ನೂ ಹಾಗಲಕಾಯಲ್ಲಿ ಕಳೆದುಕೊಳ್ಳುವುದೇ! (ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ.)

ಇನ್ಸುಲಿನ್ ಇಡುವ ಜಾಗದ ಕಥೆ ಬೇರೆ. ಬೆಲೆಯ ವಸ್ತು ಅಂತ ಫ್ರೀಜರಿನಲ್ಲಿಟ್ಟು ಮಂಜುಗಡ್ಡೆ ಮಾಡುವವರಿದ್ದಾರೆ. ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಫ್ರಿಜ್ಜೇ ಇಲ್ಲದ ಅಜ್ಜಿ ಒದ್ದೆ ಮರಳಿನ ನಡುವೆ ಮಣ್ಣಿನ ಕುಡಿಕೆ ಕೂರಿಸಿ ಅದರಲ್ಲಿಡುತ್ತಾಳೆ, ಜಾಣೆ ಅವಳು.

ನಗು ನಿಲ್ಲಬೇಕಾದ್ದು ಸಿರಿಂಜಿನ ಹತ್ತಿರ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ಟು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100ರ ಇನ್ಸುಲಿನ್‌ಗೆ ಕಿತ್ತಳೆ ಮುಚ್ಚಳದ್ದು. ಅಂಗಡಿಯ ಹುಡುಗ ಕೊಟ್ಟದ್ದನ್ನು ನೋಡದೆ ಜೇಬಿಗಿಳಿಸಿ, 40ರ ಬಾಟಲಿಯಿಂದ ಕಿತ್ತಳೆಯದರಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು ಬರೀ 8 ಯೂನಿಟ್ಟು. ಉಲ್ಟಾ ಆದರೆ 20ರ ಜಾಗದಲ್ಲಿ 50! ಅಡಿಕೆ ಮಂಡಿಯಲ್ಲಿ ತಕ್ಕಡಿಯ ಮುಳ್ಳು ಕೂದಲೆಳೆ ಸರಿದರೂ ಜಗಳಕ್ಕೆ ನಿಲ್ಲುವ ನಮ್ಮವರು, ಸ್ವಂತ ಹೊಟ್ಟೆಗೆ ಚುಚ್ಚುವಾಗ ಇಷ್ಟು ಧಾರಾಳಿಗಳು.

ಮುಂದಿನ ಸಲ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ನಿಮ್ಮ ಡಾಕ್ಟರ ಹತ್ತಿರವೋ ಹೋಗುವಾಗ ರಿಪೋರ್ಟಿನ ಜೊತೆ ಬಾಟಲಿ, ಸಿರಿಂಜು ಎರಡನ್ನೂ ಚೀಲಕ್ಕೆ ಹಾಕಿಕೊಳ್ಳಿ. ನರ್ಸಮ್ಮನ ಎದುರೇ ಒಂದು ಸಲ ಎಳೆದು ತೋರಿಸಿ. ಬೈದರೆ ಬೈಸಿಕೊಳ್ಳಿ.