ಹಸಿರು ಬಟನ್ನಿನ ಕಡ್ಡಿ

ಗುಂಡ್ಲುಪೇಟೆಯ ಹಂಗಳದ ಕಡೆ ನಮ್ಮ ಚಿಕ್ಕಪ್ಪನ ಪಂಪ್‌ಮನೆಯಲ್ಲಿ ಮಾದಪ್ಪನ ಪಟವೊಂದಿದೆ, ಬೆರಳುದ್ದದ ಬಿದಿರು ಕಡ್ಡಿಯೊಂದಿದೆ. ಪಟಕ್ಕೆ ಹಬ್ಬಕ್ಕೊಮ್ಮೆ ಹೂವು. ಕಡ್ಡಿಗೆ ದಿನವೂ ಕೆಲಸ. ಸ್ಟಾರ್ಟರಿನ ಹಸಿರು ಬಟನ್ ಒತ್ತಿ ಸಂದಿಗೆ ಅದನ್ನು ಸಿಕ್ಕಿಸಿಬಿಟ್ಟರೆ, ಕರೆಂಟು ಯಾವ ಹೊತ್ತಿಗೆ ಬಂದರೂ ಮೋಟಾರು ತಾನೇ ಏಳುತ್ತದೆ.

ಸ್ಟಾರ್ಟರ್ ಮಾಡಿದವರಿಗೆ ಇದು ಸುತರಾಂ ಬೇಡ. ಕರೆಂಟು ಹೋದೊಡನೆ ಒಳಗಿನ ಕಾಯಿಲ್ ಹಿಡಿತ ಬಿಡಬೇಕು, ಮನುಷ್ಯನೊಬ್ಬ ಬಂದು ಮತ್ತೆ ಒತ್ತುವ ತನಕ ಮೋಟಾರು ಮಿಸುಕಬಾರದು. ಯಾರೋ ಮೋಟಾರಿನ ತಂತಿಗೆ ಕೈಹಾಕಿದ್ದಾಗ ಅದು ತಾನಾಗಿ ಹೊರಟರೆ ಜೀವಕ್ಕೇ ಸಂಚಕಾರ ತಾನೆ? ಎಲ್ಲವನ್ನೂ ಯೋಚಿಸಿದ್ದಾರೆ, ಗುಂಡ್ಲುಪೇಟೆಯ ರಾತ್ರಿಯೊಂದನ್ನು ಬಿಟ್ಟು.

ಪಂಪಿನ ತ್ರೀ ಫೇಸ್ ಕರೆಂಟು ಬರುವುದು ಪಾಳಿಯ ಮೇಲೆ. ರಾತ್ರಿ ಪಾಳಿಯಾದರೆ ಚಿಕ್ಕಪ್ಪ ಅರಿಸಿನದ ಹೊಲಕ್ಕೆ ಹೊರಡುವ ಹೊತ್ತಿಗೇ ಬಂಡೀಪುರದ ಆನೆಯೂ ಹೊರಟಿರುತ್ತದೆ. ‘ಅಲ್ಲಿ ಆನ ನಿಂತದ ಕನ ಮಗ. ಬಟನ್ ಮಾಡ್ದವ್ನೇ ಬಂದು ಒತ್ಲಿ ಬುಡು’ ಎನ್ನುತ್ತಾನೆ.

ಆನೆಯೂ ಚಿಕ್ಕಪ್ಪನ ಜಾತಿಯದೇ. ಸೋಲಾರ್ ಬೇಲಿಯ ತಂತಿಯಲ್ಲಿ ಸೆಕೆಂಡಿಗೊಮ್ಮೆ ಷಾಕು ಮಿಡಿಯುವಂತೆ ಮಾಡಿದವರೂ ಬುದ್ಧಿವಂತರೇ. ಆದರೆ ದಂತಕ್ಕೆ ಷಾಕು ತಾಗದೆಂದು, ಒಣಮರ ಉರುಳಿಸಿದರೆ ತಂತಿ ನೆಲಕಚ್ಚುತ್ತದೆಂದು ಆನೆ ಕಲಿತುಬಿಟ್ಟಿದೆ. ಅದರ ಕಡ್ಡಿ ಕೊಂಚ ದೊಡ್ಡದು, ಅಷ್ಟೆ.

ಹೊಟ್ಟೆಕಿಚ್ಚಾಗುವುದು ನನಗೆ. ನನ್ನ ಫೋನು ನಡುರಾತ್ರಿ ತಾನೇ ಅಪ್‌ಡೇಟ್ ಆಗಿ, ಬೆಳಗ್ಗೆ ಗುಂಡಿಗಳನ್ನೆಲ್ಲ ಸ್ಥಳಾಂತರಿಸಿರುತ್ತದೆ. ‘ಬುಡು’ ಎಂದು ಒತ್ತಿದರೆ ‘ಬಿಡು’ ಎಂದು ತಿದ್ದುತ್ತದೆ. ಕಡ್ಡಿ ಸಿಕ್ಕಿಸೋಣವೆಂದರೆ ಅದರಲ್ಲಿ ಸಂದಿಯೇ ಇಲ್ಲ.

ಹಾಗೆಂದು ಕಡ್ಡಿಯನ್ನು ಹೊಗಳಿ ಮುಗಿಸುವಂತಿಲ್ಲ. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಬಿಲ್ಲಿಗೆ ಹೆದರಿ ಕಡ್ಡಿ ಕೀಳುವವರಿಲ್ಲ. ಮೋಟಾರು ಏಳುವ ಗಳಿಗೆಯಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಸುತ್ತಲ ಹೊಲದ ಕಡ್ಡಿಗಳೆಲ್ಲ ಒಟ್ಟಿಗೇ ಮೋಟಾರು ಎಬ್ಬಿಸಿದ ಒಂದು ರಾತ್ರಿ ನಮ್ಮ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರು, ‘ಢಂ’ ಎಂದಿತು. ಬೇರೆ ಟಿಸಿ ಬರುವಷ್ಟರಲ್ಲಿ ಬಾಳೆಯ ಎಲೆ ಜೋತುಬಿದ್ದಿತ್ತು. ಸ್ಟಾರ್ಟರ್ ಮಾಡಿದವನು ಮೊದಲ ಸಲ ಚಿಕ್ಕಪ್ಪನಿಗೆ ನೆನಪಾದದ್ದು ಆಗ.

ಆಮೇಲೆ ಹೊಸ ಪ್ಯಾನಲ್ ಬಂತು. ಮೋಟಾರು ತಾನೇ ಏಳುತ್ತದೆ, ಆದರೆ ತಡೆದು. ಎಷ್ಟು ತಡೆಯಬೇಕೆಂಬುದಕ್ಕೆ ಒಂದು ತಿರುಪು. ಮಾಡಿದವನು ತಿರುಪಿಟ್ಟು ಕೈತೊಳೆದುಕೊಂಡಿದ್ದ. ಯಾರದು ಎಷ್ಟಕ್ಕಿರಬೇಕೆಂಬ ಪಂಚಾಯ್ತಿ ಹೊಂಗೆಮರದಡಿ ಎರಡು ದಿನ ನಡೆಯಿತು. ಎಲ್ಲರಿಗೂ ಮೊದಲ ನೀರೇ ಬೇಕು. ಕೊನೆಗೆ ಚಿಕ್ಕಪ್ಪ, ‘ಕಡೇಲಿ ಬಂದ್ರೂ ನೀರು ನೀರೇ ಕನ’ ಎಂದು ನಾಲ್ಕನೆಯ ಪಾಳಿ ಒಪ್ಪಿಕೊಂಡ.

ಮೊನ್ನೆ ರಾತ್ರಿ ಜಗಲಿಯ ಮೇಲೆ ಮಲಗಿದ್ದೆವು. ಕರೆಂಟು ಬಂತು. ಕತ್ತಲಲ್ಲಿ ಒಂದು ತೊಟ್ಟಿಗೆ ನೀರು ಬಿದ್ದ ಸದ್ದು, ತುಸು ಬಿಟ್ಟು ಇನ್ನೊಂದು, ಮತ್ತೊಂದು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದ. ನಾಲ್ಕನೆಯದು ಬಿದ್ದಾಗ ‘ನಮ್ದು’ ಎಂದು ಮಗ್ಗುಲು ಬದಲಿಸಿದ.

ಕಡ್ಡಿ ಏನಾಯಿತೆಂದು ಬೆಳಗ್ಗೆ ಹುಡುಕಿದೆ. ಮಾದಪ್ಪನ ಪಟದ ಹಿಂದಿತ್ತು. ಯಾವುದಕ್ಕೂ ಇರಲಿ ಅಂತ.