ಒಳಪದರ ಮೀಮಾಂಸೆ: ಬ್ಯಾಡಗಿ ಪ್ರಕರಣ

ವಿಷಯ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಂಬೀ ತ್ರಿಪುರಗಳಲ್ಲಿ ಟೆಂಡರಿಲ್ಲದೆ, ಶಂಕುಸ್ಥಾಪನೆಯಿಲ್ಲದೆ, ಶಾಸಕರ ಫ್ಲೆಕ್ಸೂ ಇಲ್ಲದೆ ತಿಂಗಳು ತಿಂಗಳೂ ಕಟ್ಟಿ, ಕೆಡವಿ, ಮತ್ತೆ ಕಟ್ಟುವ ಕಾಮಗಾರಿಯೊಂದು ನಡೆದಿದೆ. ಅದೇ ಗರ್ಭಕೋಶದ ಒಳಪದರ. ಡಾಕ್ಟರ ಚೀಟಿಯಲ್ಲಿ ಎಂಡೋಮೆಟ್ರಿಯಂ. ಇದನ್ನು ನೋಡಿದವರು ವಿರಳ, ಇದರ ಬಗ್ಗೆ ವಿಧಿನಿಷೇಧ ಹೇಳುವವರು ಓಣಿ ತುಂಬ. ಶಾಸ್ತ್ರ ಬರೆಯಲು ಇದಕ್ಕಿಂತ ಯೋಗ್ಯ ವಸ್ತು ಸಿಗದು.

ಸಂಶಯ

ಈ ಪದರ ಉದುರುವ ದಿನಗಳಲ್ಲಿ ಹೆಣ್ಣಿನ ಕೈಗೆ ಉಪ್ಪಿನಕಾಯಿ ಕೆಡಿಸುವ, ತುಳಸಿ ಒಣಗಿಸುವ ಶಕ್ತಿ ಬರುತ್ತದೆಯೋ ಇಲ್ಲವೋ?

ಪೂರ್ವಪಕ್ಷ

ಬರುತ್ತದೆ. ‘ಕೆಟ್ಟ ರಕ್ತ ಹೊಂಟೈತಿ, ಭರಣಿ ಮುಟ್ಟಬ್ಯಾಡ’ ಎಂಬುದು ಆಪ್ತವಾಕ್ಯ. ಮೆಡಿಕಲ್ ಶಾಪಿನವರೂ ಇದೇ ಪಂಥ. ಪ್ಯಾಡಿನ ಪೊಟ್ಟಣವನ್ನು ನಿನ್ನೆಯ ಪೇಪರಿನಲ್ಲಿ ಸುತ್ತಿ, ಕರಿ ಕ್ಯಾರಿಬ್ಯಾಗಿಗೆ ಇಳಿಸಿ, ಗಂಟು ಬಿಗಿದು, ಮುಖ ಅತ್ತ ತಿರುಗಿಸಿ ಕೊಡುತ್ತಾರೆ. ಬ್ಯಾಡಗಿಯಲ್ಲಿ ಆ ಪೇಪರಿನ ಮೇಲೆ ಡಬ್ಬಿ, ಕಡ್ಡಿ ಮೆಣಸಿನಕಾಯಿಯ ದರ ಅಚ್ಚಾಗಿರುವುದೂ ಉಂಟು. ಒಂದು ಕೆಂಪಿನ ಬೆಲೆ ಸಾರುವ ಹಾಳೆಯಲ್ಲೇ ಇನ್ನೊಂದು ಕೆಂಪನ್ನು ಮುಚ್ಚುವುದರಲ್ಲಿ ಪೂರ್ವಪಕ್ಷಕ್ಕೆ ಯಾವ ವಿರೋಧಾಭಾಸವೂ ಕಾಣದು.

ಆಕ್ಷೇಪ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವವರು ಹೆಂಗಸರು. ಒಂದೊಂದೇ ಕಾಯಿ ಹಿಡಿದು, ತುಂಬು ಚಿವುಟಿ, ರಾಶಿಗೆ ಎಸೆಯುತ್ತಾರೆ, ಸೀಜನ್ನಿನ ಉದ್ದಕ್ಕೂ. ‘ಇವತ್ತು ನಿನಗ ಎಷ್ಟನೇ ದಿನ?’ ಎಂದು ಕೇಳಿದ ಸಾಹುಕಾರ ಈವರೆಗೆ ಹುಟ್ಟಿಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಕಾಯಿಯ ಬಣ್ಣ ಒಂದು ಛಾಯೆಯೂ ಇಳಿದಿಲ್ಲ. ಅವಳು ಚಿವುಟಿದಾಗ ಕೆಡದ ಕಾಯಿ, ಖಾರದಪುಡಿಯಾಗಿ ಅವಳದೇ ಮನೆಯ ಭರಣಿ ಸೇರಿದ ಮೇಲೆ ಕೆಡುವುದೇಕೆ? ರಾಣೆಬೆನ್ನೂರು ಸೀಮೆಯ ಬೀಜದ ಪ್ಲಾಟುಗಳಲ್ಲಿ ಹೂವಿನ ಕೇಸರ ಕಿತ್ತು ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸದಲ್ಲೂ ಹೆಂಗಸರ ಬೆರಳೇ ಮುಂದು. ಅಲ್ಲಿ ಹೂವು ಕಾಯಿ ಕಟ್ಟುತ್ತದೆ, ಅಂಗಳದ ತುಳಸಿ ಮಾತ್ರ ಒಣಗಬೇಕು! ಇದರಿಂದ ಸಿದ್ಧವಾಗುವುದು ಇಷ್ಟೇ: ಕೂಲಿ ಕೆಲಸಕ್ಕೆ ಮೈಲಿಗೆ ಹತ್ತುವುದಿಲ್ಲ.

ಸಿದ್ಧಾಂತ

ರಕ್ತ ಕಂಡ ದಿನವೇ ಒಂದನೇ ದಿನ. ಮೇಲ್ಪದರ ಉದುರುತ್ತದೆ, ತಳಪದರ ಉಳಿಯುತ್ತದೆ. ಆಗ ದಪ್ಪ 1ರಿಂದ 4 ಮಿ.ಮೀ. ಅಂಡಾಶಯದ ಈಸ್ಟ್ರೋಜನ್ ಏರಿದಂತೆ ತಳದಿಂದ ಹೊಸ ಪದರ ಬೆಳೆದು, 28 ದಿನದ ಚಕ್ರದಲ್ಲಿ 14ನೇ ದಿನದ ಸುಮಾರಿಗೆ ಅಂಡ ಬಿಡುಗಡೆಯಾಗುವ ಹೊತ್ತಿಗೆ 11 ಮಿ.ಮೀ. ತನಕ ಹೋಗಬಹುದು. ಆಮೇಲೆ ಪ್ರೊಜೆಸ್ಟರಾನಿನ ಕಾರಭಾರು. ಗ್ರಂಥಿಗಳು ಸುರುಳಿ ಸುತ್ತಿ ಗ್ಲೈಕೋಜನ್ ತುಂಬಿಕೊಳ್ಳುತ್ತವೆ, ದಪ್ಪ 16 ಮಿ.ಮೀ. ಮುಟ್ಟಿದರೂ ಸಹಜವೇ. ಗರ್ಭ ನಿಲ್ಲದಿದ್ದರೆ ಎರಡು ವಾರದ ಹೊತ್ತಿಗೆ ಪ್ರೊಜೆಸ್ಟರಾನ್ ಕುಸಿಯುತ್ತದೆ, ಸುರುಳಿ ರಕ್ತನಾಳಗಳು ಬಿಗಿಯುತ್ತವೆ, ಪದರ ಕಳಚುತ್ತದೆ. ಪ್ರೊಸ್ಟಗ್ಲಾಂಡಿನ್ ಗರ್ಭಕೋಶವನ್ನು ಹಿಂಡುವುದರಿಂದ ಹೊಟ್ಟೆನೋವು. ಹೋಗುವ ರಕ್ತ ಸರಾಸರಿ 30ರಿಂದ 40 ಮಿ.ಲೀ.; 80 ದಾಟಿದರೆ ಅತಿಸ್ರಾವ. ‘ಕೆಟ್ಟ’ದ್ದೇನಲ್ಲ, ಮೈಯಲ್ಲಿ ಓಡಾಡುತ್ತಿದ್ದ ರಕ್ತವೇ. ಇಷ್ಟೆಲ್ಲ ಆಗಿ ಗಾಯ ಮಾಯ್ದ ಕಲೆಯೂ ಉಳಿಯುವುದಿಲ್ಲ.

ಪರಂಪರಾ ಪ್ರಮಾಣ

ಶರಣರು 12ನೇ ಶತಮಾನದಲ್ಲೇ ಪಂಚಸೂತಕಗಳನ್ನು ತಳ್ಳಿಹಾಕಿದರು. ಅವುಗಳಲ್ಲಿ ರಜಸ್ಸೂತಕವೂ ಒಂದು. ಅಂಬಿಗರ ಚೌಡಯ್ಯನ ಚೌಡದಾನಪುರ ಇರುವುದು ರಾಣೆಬೆನ್ನೂರು ತಾಲ್ಲೂಕಿನಲ್ಲೇ. ಅಷ್ಟು ಹತ್ತಿರದಿಂದ ಹೊರಟ ಮಾತು ಎಂಟು ನೂರು ವರ್ಷ ಕಳೆದರೂ ಕೆಲವು ಅಡುಗೆಮನೆಗಳನ್ನು ತಲುಪಿಲ್ಲವೆಂದರೆ ದೋಷ ಬಸ್ಸಿನದೇ ಇರಬೇಕು.

ಪ್ರಯೋಜನ

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಒಳಪದರ 12 ಮಿ.ಮೀ.’ ಎಂದಿದೆ ಎನ್ನಿ. ಇಪ್ಪತ್ತನೇ ದಿನದ್ದಾದರೆ ಹೆದರಬೇಕಿಲ್ಲ. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡವಳದ್ದಾದರೆ ತಡಮಾಡದೆ ಪರೀಕ್ಷಿಸಬೇಕು. ದಿನ ಕೇಳದೆ ದಪ್ಪ ಹೇಳುವುದು ಅರ್ಧ ವೈದ್ಯ. ಆದರೆ ಬಾಯಿ ಬಿಟ್ಟು ಕೇಳಲು ನಾಚುವ ಊರಿನಲ್ಲಿ ‘ದಪ್ಪಾಗೇತಿ, ತೆಗೀಬೇಕು’ ಎಂದರೆ ಮುಗಿಯಿತು. ಅನಗತ್ಯವಾಗಿ ತಮ್ಮ ಗರ್ಭಕೋಶ ತೆಗೆದರೆಂದು ರಾಣೆಬೆನ್ನೂರು ತಾಲ್ಲೂಕಿನ ತಾಂಡಾಗಳ ಲಂಬಾಣಿ ಹೆಂಗಸರು ವರ್ಷಗಟ್ಟಲೆ ಬೀದಿಯಲ್ಲಿ ಕೂತಿದ್ದಾರೆ. ಇಂಥ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲಿನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು.

ಹೀಗಾಗಿ ನಿರ್ಣಯ: ಅವಳು ಭರಣಿ ಮುಟ್ಟಬಾರದೆನ್ನಲು ಓಣಿಗೊಬ್ಬ ಪಂಡಿತ ಸಾಕು, ಕಾರಣವಿಲ್ಲದೆ ಅವಳ ಗರ್ಭಕೋಶವನ್ನು ಕತ್ತರಿ ಮುಟ್ಟಬಾರದೆನ್ನಲು ಮಾತ್ರ ದಿಲ್ಲಿಯ ಸುಪ್ರೀಂ ಕೋರ್ಟೇ ಬೇಕಾಯಿತು.